ಡಿ4 ಸಿಗಾರ್ ಡಬ್ಬ, ಅಮೋನಿಯಾ ವಾಸನೆ, ಎಷ್ಟು ತಿಂಗಳು ಇಡಬೇಕು ಅಂತ ಕೇಳಿದವರಿಗೆ

ಸರ್, ಐದಕ್ಕೇ ನಿಲ್ಲಿಸಿ. ಆರನೆಯದನ್ನು ಕಟ್ ಮಾಡಬೇಡಿ. ದುಬೈ ಡ್ಯೂಟಿ ಫ್ರೀಯಿಂದ ಪಾರ್ತಗಾಸ್ ಡಿ4 ಅನ್ನೋ ಕ್ಯೂಬನ್ ಸಿಗಾರಿನ ಡಬ್ಬ ತಂದಿದ್ದೀರಿ, ಹೊಸ ಮರದ ಹ್ಯುಮಿಡರ್‌ಗೆ (ಸಿಗಾರಿನ ತೇವ ಕಾಯುವ ಪೆಟ್ಟಿಗೆ) ಸುರಿದು, ತೇವವನ್ನು ಶೇಕಡ 72ರಲ್ಲಿ ಹಿಡಿದಿಡುವ ಬೊವೆಡಾ ಪ್ಯಾಕ್ ಹಾಕಿದ್ದೀರಿ, ಎರಡೇ ವಾರದಲ್ಲಿ ಐದು ಸೇದಿ ಈಗ "ಅಮೋನಿಯಾ ವಾಸನೆ, ಒಂದೇ ಕಡೆ ಉರಿಯುತ್ತೆ, ಎಷ್ಟು ತಿಂಗಳು ಇಟ್ಟರೆ ಸರಿಹೋಗುತ್ತೆ" ಅಂತ ಕೇಳಿದ್ದೀರಿ. ನಾನೂ ಒಂದು ಕಾಲದಲ್ಲಿ ಹೀಗೇ ಡಬ್ಬ ಮುಗಿಸಿದವನೇ. ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ, ಬೈದ ಹಾಗೆ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಮೇಲೆ ಉತ್ತರ ಕೊಟ್ಟವರೆಲ್ಲ ಎರಡು ತೊಂದರೆಯನ್ನು ಒಂದು ಮಾಡಿದ್ದಾರೆ. ಒಂದೇ ಕಡೆ ಉರಿಯುವುದು, ಡ್ರಾ, ಅಂದರೆ ಹೊಗೆ ಎಳೆಯುವುದು ಬಿಗಿ, ಎರಡನೇ ಭಾಗದಲ್ಲಿ ಕಹಿ, ಇದೆಲ್ಲ ನೀರಿನ ಕಥೆ. ಅಮೋನಿಯಾ ವಯಸ್ಸಿನ ಕಥೆ. ನೀರಿನದ್ದು ಎರಡು ತಿಂಗಳಲ್ಲಿ ಸರಿಹೋಗುತ್ತದೆ. ವಯಸ್ಸಿನದ್ದಕ್ಕೆ ವರ್ಷ ಬೇಕು. ನೀರು ಸರಿಮಾಡದೆ ಐದು ವರ್ಷ ಇಟ್ಟರೂ ನೀವು ಸೇದುವುದು ಒದ್ದೆ ಸಿಗಾರನ್ನೇ.

ಡಬ್ಬದ ಅಡಿಯ ಮುದ್ರೆಯಲ್ಲಿ ಡಿಐಸಿ ಅಂತ ಇದೆ, ಅಂದರೆ ಡಿಸೆಂಬರ್. ತಿಂಗಳುಗಳೆಲ್ಲ ಸ್ಪ್ಯಾನಿಷ್‌ನಲ್ಲಿ ಇರುತ್ತವೆ, ಇಎನ್ಇ ಜನವರಿ, ಎಬಿಆರ್ ಏಪ್ರಿಲ್, ಎಜಿಒ ಆಗಸ್ಟ್. ನಿಮ್ಮದು ಕಟ್ಟಿ ಏಳು ತಿಂಗಳು ಅಷ್ಟೇ. ಸರಿಯಾಗಿ ಸಿಕ್ ಪೀರಿಯಡ್, ಅಂದರೆ ಹೊಸ ಸಿಗಾರ್ ರುಚಿ ಕೆಟ್ಟಿರುವ ಕಾಲದ ಮಧ್ಯದಲ್ಲಿ ಕೂತಿದೆ. ಎಲೆಯನ್ನು ರಾಶಿ ಹಾಕಿ ಹುದುಗಿಸಿರುತ್ತಾರೆ ನಿಜ, ಆದರೆ ಸುತ್ತುವ ಮುಂಚೆ ಮತ್ತೆ ತೇವ ಮಾಡುತ್ತಾರಲ್ಲ, ಆಗ ಒಳಗೆ ಹುದುಗುವುದು ಇನ್ನೊಂದು ಸುತ್ತು ಶುರುವಾಗುತ್ತದೆ. ಆ ಅಮೋನಿಯಾ ಹೊರಗೆ ಹೋಗಲೇಬೇಕು, ಅದನ್ನು ಅವಸರ ಮಾಡಿಸೋಕೆ ಯಾವ ಉಪಾಯವೂ ಇಲ್ಲ. ಕೆಲವು ಡಬ್ಬ ಮೂರು ತಿಂಗಳ ಒಳಗೆ ತುಂಬಾ ಚೆನ್ನಾಗಿರುತ್ತವೆ, ಆಮೇಲೆ ಹಾಳಾದ ಹಾಗೆ ಆಗುತ್ತವೆ, ಒಂದೂವರೆ ವರ್ಷಕ್ಕೆ ಮತ್ತೆ ಏಳುತ್ತವೆ. ಹಾಗಂತ ಎಲ್ಲ ಡಬ್ಬವೂ ಈ ದಾರಿಯಲ್ಲೇ ಹೋಗುತ್ತದೆ ಅಂತಲ್ಲ.

ಈಗ 72. ಆ ಪ್ಯಾಕ್ ಯಾರಿಗೆ ಮಾಡಿದ್ದು ಅಂದರೆ, ಸೋರುವ ಮರದ ಪೆಟ್ಟಿಗೆ, ಗಾಜಿನ ಮುಚ್ಚಳದ ಪೆಟ್ಟಿಗೆ, ಒಣ ಹವೆ ಇರುವವರಿಗೆ. ನೀವು ಇರುವುದು ಬೆಂಗಳೂರಿನಲ್ಲಿ, ಜುಲೈ ತಿಂಗಳು, ಬೆಳಿಗ್ಗೆ ಹೊರಗಿನ ತೇವವೇ 80 ದಾಟಿರುತ್ತದೆ. ಅದರ ಮೇಲೆ 72! ಹಸಿ ಸೌದೆ ಉರಿಸಿದ ಹಾಗೆ ಆಗದೆ ಇನ್ನೇನಾಗುತ್ತೆ. ಮೇಲೆ ಡಲ್ಲಾಸ್‌ನ ಅಣ್ಣ ಹೇಳಿದ 70-70 ಲೆಕ್ಕದಲ್ಲಿ ಮೊದಲ 70 ತೇವ, ಎರಡನೇ 70 ಫ್ಯಾರನ್‌ಹೀಟ್ ಶಾಖ ಅನ್ನೋದು ನೆನಪಿರಲಿ, ಅಂದರೆ 21 ಡಿಗ್ರಿ. ನಮ್ಮ ಮನೆಗಳಲ್ಲಿ ಅದು ಡಿಸೆಂಬರ್, ಜನವರಿಯಲ್ಲಿ ಮಾತ್ರ ಸಿಗುವ ಭಾಗ್ಯ. ಕ್ಯೂಬನ್‌ಗಳಿಗೆ 65, ಮುಗಿಯಿತು. ನಾನು 62ಕ್ಕೂ ಇಳಿಸುತ್ತೇನೆ. ನಿಕರಾಗುವಾ ಸಿಗಾರ್‌ಗಳು 67-69ರಲ್ಲೂ ಸರಿಯಾಗಿ ಉರಿಯುತ್ತವೆ, ಕ್ಯೂಬನ್ ಉರಿಯುವುದಿಲ್ಲ, ಅದರ ಜಾತಿಯೇ ಹಾಗೆ.

ನನ್ನ ಪದ್ಧತಿ ಹೇಳುತ್ತೇನೆ, ಹ್ಯುಮಿಡರ್ ಪ್ರಿಯರಿಗೆ ಕೋಪ ಬರಬಹುದು. ಎರಡು ವರ್ಷಕ್ಕಿಂತ ಜಾಸ್ತಿ ಇಡೋದಕ್ಕೆ ಮರದ ಹ್ಯುಮಿಡರ್ ಬೇಡ. ಅದು ಟೇಬಲ್ ಮೇಲೆ ಅಂದಕ್ಕೆ, ಈ ತಿಂಗಳು ಸೇದುವ ಹತ್ತು ಹನ್ನೆರಡು ಸಿಗಾರ್‌ಗೆ ಇರಲಿ. ಇಡುವುದಕ್ಕೆ ನಾಲ್ಕು ಕಡೆ ಕ್ಲಿಪ್ ಇರುವ, ರಬ್ಬರ್ ಗ್ಯಾಸ್ಕೆಟ್ ಇರುವ ಅಡುಗೆಮನೆ ಪ್ಲಾಸ್ಟಿಕ್ ಡಬ್ಬ ಸಾಕು. ಹೊಸದಾದರೆ ಒಂದು ವಾರ ತೆರೆದಿಟ್ಟು ವಾಸನೆ ಹೋಗಲು ಬಿಡಿ. ಮಸಾಲೆ ಇಟ್ಟಿದ್ದ ಡಬ್ಬ ಮಾತ್ರ ಬೇಡ, ಆ ವಾಸನೆ ಹೋಗುವುದೇ ಇಲ್ಲ. ಸಿಗಾರನ್ನು ಅದರ ಮೂಲ ಡಬ್ಬಕ್ಕೇ ವಾಪಸ್ ಹಾಕಿ, ಮುಚ್ಚಳ ಒಂದು ಬೆರಳು ತೆರೆದಿರಲಿ, ಆ ಡಬ್ಬವನ್ನೇ ಪ್ಲಾಸ್ಟಿಕ್ ಒಳಗೆ ಇಳಿಸಿ. ಹ್ಯುಮಿಡರ್ ಒಳಗಿನ ಸೀಡರ್ ಮರದ ಕೆಲಸವನ್ನು ಆ ಮೂಲ ಡಬ್ಬವೇ ಮಾಡುತ್ತದೆ. ಹೆಸರು ಸ್ಪ್ಯಾನಿಷ್ ಸೀಡರ್ ಅಂತ ಇದ್ದರೂ ಅದು ಬೇವು, ಮಹಾಗನಿ ಕುಟುಂಬದ ಮರ. ಹಾಗಂತ ಬೇವಿನ ಹಲಗೆ ಇಡೋಕೆ ಹೋಗಬೇಡಿ, ಒಬ್ಬರು ಹೋದ ವರ್ಷ ಕೇಳಿದ್ದರು. 25ಕ್ಕೆ ಒಂದರಂತೆ 65ರ 60 ಗ್ರಾಂ ಪ್ಯಾಕ್ ಹಾಕಿ. ಒಂದೇ ಡಬ್ಬದಲ್ಲಿ 65, 72 ಎರಡನ್ನೂ ಬೆರೆಸಬೇಡಿ, ಅವೆರಡೂ ಒಂದಕ್ಕೊಂದು ನೀರು ದಾಟಿಸಿಕೊಂಡು ಕೂರುತ್ತವೆ. ಮಳೆಗಾಲದಲ್ಲಿ ಪ್ಯಾಕ್ ನೀರಿನ ಚೀಲದ ಹಾಗೆ ಉಬ್ಬಿದರೆ ಅದು ಹೀರಿ ಹೀರಿ ಸುಸ್ತಾಗಿದೆ ಅಂತ ಅರ್ಥ, ಬದಲಾಯಿಸಿ. ಮಾರ್ಚ್‌ನಲ್ಲಿ ಮುಟ್ಟಿದಾಗ ಗಟ್ಟಿಯಾಗಿದ್ದರೆ ಆಗಲೂ ಬದಲಾಯಿಸಿ. ತಿಂಗಳಿಗೆ ಒಂದು ಸಲ ಮುಚ್ಚಳ ತೆರೆದು ಗಾಳಿ ಬದಲಾಗಲು ಬಿಡಿ, ಅಮೋನಿಯಾ ಹೋಗೋಕೆ ಅಷ್ಟು ಸಾಕು. ದಿನಾ ತೆರೆದು ಮೂಸುವ ಚಟ ಬಿಡಿ.

ಕಳಿಸಿದ ಫೋಟೊದಲ್ಲಿ ಮುಚ್ಚಳದೊಳಗೆ ಹಸಿರು ಸ್ಪಂಜಿನ ಹ್ಯುಮಿಡಿಫೈಯರ್ ಕಾಣುತ್ತಿದೆ. ಅದನ್ನು ಕಸಕ್ಕೆ ಹಾಕಿ. ಹಿತ್ತಾಳೆ ಅಂಚಿನ, ತೇವ ಅಳೆಯುವ ಮುಳ್ಳಿನ ಹೈಗ್ರೋಮೀಟರ್ ಕೂಡ ಬರೀ ಅಲಂಕಾರ. ಡಿಜಿಟಲ್ ಒಂದು ತಗೊಂಡು ಉಪ್ಪಿನ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಾಗುವಷ್ಟು ಮಾತ್ರ ನೀರು, ಮೀಟರ್ ಜೊತೆ ಜಿಪ್‌ಲಾಕ್‌ನಲ್ಲಿ ರಾತ್ರಿಯಿಡೀ. 75 ತೋರಿಸಬೇಕು. 71 ತೋರಿಸಿದರೆ ನಿಮ್ಮ ಮೀಟರ್ 4 ಕಡಿಮೆ ಹೇಳುತ್ತಿದೆ ಅಂತ ಲೆಕ್ಕ ಹಾಕಿಕೊಳ್ಳಿ. ಹೊಸ ಹ್ಯುಮಿಡರ್ ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ, ಹಲಗೆ ಸೊಟ್ಟಗಾಗುತ್ತದೆ. 84ರ ಪ್ಯಾಕ್ ಹಾಕಿ 14 ದಿನ ಖಾಲಿ ಮುಚ್ಚಿಡಿ, ಅಷ್ಟೇ ಸೀಸನಿಂಗ್, ಅಂದರೆ ಹಲಗೆಗೆ ತೇವ ಹಿಡಿಸುವುದು.

ಈಗ ಎಷ್ಟು ದಿನ ಅನ್ನೋದು. ಮೇಲೆ "ಐದು ವರ್ಷ ಮರೆತುಬಿಡಿ" ಅಂದವರ ಮಾತು ಕೇಳಬೇಡಿ. ಎಲ್ಲರಿಗೂ ಒಂದೇ ಸಂಖ್ಯೆ ಇಲ್ಲ. ನನ್ನ ದಾರಿ ಏನೆಂದರೆ, ಡಬ್ಬವೇ ಉತ್ತರ ಹೇಳಲಿ. ನಿಮ್ಮ ಹತ್ತಿರ 20 ಉಳಿದಿವೆ. ಮೊದಲ ಎರಡು ತಿಂಗಳು ಮುಟ್ಟಬೇಡಿ, ತೇವ 65ಕ್ಕೆ ಬರಲಿ, ನಡುವಿನ ಎಲೆ ಒಣಗೋಕೆ ಅಷ್ಟು ಬೇಕು. ಆಮೇಲೆ ಒಂದು. ಮುಂದೆ ನಾಲ್ಕೈದು ತಿಂಗಳಿಗೆ ಒಂದು. ಒಂದೇ ಹೊತ್ತು, ಊಟ ಆದ ಮೇಲೆ, ಜೊತೆಗೆ ನೀರು ಅಥವಾ ಬರೀ ಕಾಫಿ. ವಿಸ್ಕಿ ಜೊತೆ ಹೋಲಿಸಿದರೆ ನೀವು ವಿಸ್ಕಿಯನ್ನು ಅಳೆಯುತ್ತೀರಿ. ಡಬ್ಬದ ಮುಚ್ಚಳದ ಒಳಗೆ ಒಂದು ಚೀಟಿ ಇಟ್ಟು ತಾರೀಖು ಹಾಕಿ ಮೂರೇ ಮಾತು ಬರೆಯಿರಿ, ಮೊದಲು ಮೂಗಿಗೆ ಬಂದ ವಾಸನೆ, ಉರಿದ ರೀತಿ, ಕೊನೆಯ ಇಂಚು. "ಚೆನ್ನಾಗಿತ್ತು" ಅಂತ ಬರೆದರೆ ಪ್ರಯೋಜನ ಇಲ್ಲ. ಅಮೋನಿಯಾ ಹೋಗಿ, ಮೆಣಸು ಹಿಂದೆ ಸರಿದು, ಒಂಥರಾ ಬ್ರೆಡ್, ಕೋಕೋ ವಾಸನೆ ಮುಂದೆ ಬಂದರೆ ನಿಲ್ಲಿಸಿ, ಇನ್ನು ಸೇದಲು ಶುರು ಮಾಡಿ. ಎರಡು ಸಲ ಸತತವಾಗಿ ಹಿಂದಿನದಕ್ಕಿಂತ ಸಪ್ಪೆ ಅನಿಸಿದರೆ ಇಳಿಮುಖ ಶುರುವಾಗಿದೆ, ಇನ್ನು ಕಾಯಬೇಡಿ.

ಆದರೂ ಅಂದಾಜು ಬೇಕು ಅಂತೀರಿ ಅಲ್ವಾ. ಡಿ4ಗೆ ನನ್ನ ಅಂದಾಜು ಎರಡರಿಂದ ಮೂರು ವರ್ಷ. ಬೇರೆ ಕ್ಯೂಬನ್‌ಗಳಲ್ಲಿ ಹೋಯೋ ಎಪಿಕ್ಯೂರ್ 2 ಒಂದೂವರೆ ವರ್ಷಕ್ಕೇ ಸಿಹಿಯಾಗುತ್ತದೆ, ಜಾಸ್ತಿ ಇಟ್ಟರೆ ಸಪ್ಪೆಯಾಗುತ್ತದೆ. ಬೊಲಿವಾರ್ ರಾಯಲ್ ಕರೋನಾ, ರಮೋನ್ ಅಲ್ಯೋನೆಸ್ ಎಸ್‌ಎಸ್ ನಾಲ್ಕು ವರ್ಷಕ್ಕೂ ಹೆದರುವುದಿಲ್ಲ. ಕೊಹಿಬಾ ಸಿಗ್ಲೊಗಳಿಗೆ ಮೂರರಿಂದ ಐದು, ಆದರೆ 2022ರಲ್ಲಿ ಆ ಬೆಲೆ ಹಾರಿದ ಮೇಲೆ ಅದರ ಬಗ್ಗೆ ಮಾತಾಡೋದೇ ಬಿಟ್ಟಿದ್ದೇನೆ, ಅದೇ ದುಡ್ಡಿಗೆ ಪಾರ್ತಗಾಸ್ ಡಬ್ಬಗಳನ್ನೇ ತರಬಹುದು. ಗ್ರಾನ್ ರಿಸರ್ವಾ ಅನ್ನೋ ವಿಶೇಷ ಕ್ಯೂಬನ್‌ಗಳ ಎಲೆಗಳನ್ನು ಸುತ್ತುವ ಮುಂಚೆಯೇ ಐದು ವರ್ಷ ಇಟ್ಟಿರುತ್ತಾರೆ, ರಿಸರ್ವಾ ಮೂರು ವರ್ಷ. ಅದಕ್ಕೇ ಅವು ಹೊಸದರಲ್ಲೂ ಅಷ್ಟು ಕಾಡುವುದಿಲ್ಲ.

ನ್ಯೂ ವರ್ಲ್ಡ್, ಅಂದರೆ ಕ್ಯೂಬಾ ಬಿಟ್ಟು ಬೇರೆ ಕಡೆಯ ಸಿಗಾರ್‌ಗಳದ್ದು ಬೇರೆಯೇ ಲೆಕ್ಕ. ಪಾದ್ರೋನ್ ಕಂಪನಿಯ 1964 ಅನ್ನೋ ಸರಣಿಯ ಎಲೆ ನಾಲ್ಕು ವರ್ಷ, 1926 ಸರಣಿಯದ್ದು ಐದು ವರ್ಷ ಹಳೆಯದಾಗಿ ಬರುತ್ತದೆ. ಅದನ್ನು ತಂದು ಇನ್ನೂ ಮೂರು ವರ್ಷ ಇಡುವವರು ದುಡ್ಡು ಕೊಟ್ಟು ಕೊಂಡ ಖಾರವನ್ನು ಕಳೆದುಕೊಳ್ಳುತ್ತಿದ್ದಾರೆ ಅನ್ನೋದು ನನ್ನ ಅಭಿಪ್ರಾಯ, ಜಗಳಕ್ಕೆ ಸಿದ್ಧ. ಪ್ರಯಾಣ ಮಾಡಿ ಬಂದದ್ದಕ್ಕೆ ಮೂರು ನಾಲ್ಕು ವಾರ ಸುಧಾರಿಸಿಕೊಳ್ಳಲು ಬಿಡಿ, ಸೇದಿ. ಫುಯೆಂಟೆ ಓಪಸ್ ಎಕ್ಸ್ ಮಾತ್ರ ಇಡಲೇಬೇಕು, ಹೊಸದರಲ್ಲಿ ಬಾಯಿ ಉರಿಸುತ್ತದೆ. ಕನೆಕ್ಟಿಕಟ್ ಶೇಡ್ ಎಂಬ ಹೊರ ಎಲೆ, ಅಂದರೆ ರ‍್ಯಾಪರ್‌ನ ಮೆತ್ತಗಿನ ಸಿಗಾರ್‌ಗಳನ್ನು ಎರಡು ವರ್ಷದ ಮೇಲೆ ಇಡಬೇಡಿ, ಕೊನೆಗೆ ಕಾಗದ ಸೇದಿದ ಹಾಗೆ ಆಗುತ್ತದೆ. ತಿರುಚ್ಚಿಯ ಚುಟ್ಟಾ, ಇಟಲಿಯ ಟೊಸ್ಕಾನೊ ಒಣದಾಗಿಯೇ ಸೇದುವಂಥವು, ಅವನ್ನು ಇದರ ಜೊತೆ ತುರುಕಬೇಡಿ, ವಾಸನೆ ಹಿಡಿಯುತ್ತದೆ.

ಹುಳದ ಬಗ್ಗೆ ಯಾರೂ ಹೇಳಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಮನೆ 30 ಡಿಗ್ರಿ ದಾಟುತ್ತದೆ, 25ರ ಮೇಲೆ ಮೊಟ್ಟೆ ಒಡೆಯುವ ಭಯ ಜಾಸ್ತಿ. ಸಿಗಾರ್ ಕೊರೆಯುವ ಆ ಪುಟ್ಟ ಕಂದು ಹುಳವೇ ನಿಮ್ಮ ಅಡುಗೆಮನೆಯ ಕೊತ್ತಂಬರಿ ಬೀಜ, ಅರಿಶಿನ, ಒಣಮೆಣಸಿನಕಾಯಿಗೂ ಹಿಡಿಯುವುದು. ಹಾಗಾಗಿ ದಿನಸಿ ಕಪಾಟಿನ ಹತ್ತಿರ ಇಡಲೇಬೇಡಿ. ಕ್ಯೂಬಾದಲ್ಲಿ ಫ್ರೀಜ್ ಮಾಡಿಯೇ ಕಳಿಸುತ್ತಾರೆ, ಆದರೂ ನಾನು ಹೊಸ ಡಬ್ಬಕ್ಕೆ ಮತ್ತೆ ಮಾಡುತ್ತೇನೆ: ಎರಡು ಜಿಪ್‌ಲಾಕ್, ಗಾಳಿ ಒತ್ತಿ ತೆಗೆದು, ಫ್ರಿಜ್‌ನಲ್ಲಿ ಒಂದು ದಿನ, ಫ್ರೀಜರ್‌ನಲ್ಲಿ ಮೂರು ದಿನ, ಮತ್ತೆ ಫ್ರಿಜ್‌ನಲ್ಲಿ ಒಂದು ದಿನ, ಆಮೇಲೆ ಚೀಲ ಬಿಚ್ಚದೆ ಹೊರಗೆ. ನೇರ ಫ್ರೀಜರ್‌ನಿಂದ ಹೊರಗೆ ತೆಗೆದರೆ ರ‍್ಯಾಪರ್ ಸೀಳುತ್ತದೆ. ನುಸಿಗುಳಿಗೆ ಇಟ್ಟರೆ ಹುಳ ಬರಲ್ವಾ ಅಂತ ಕೇಳಿದವರಿಗೆ ಏನು ಹೇಳಲಿ, ಆ ಡಬ್ಬವನ್ನು ಎಸೆದುಬಿಡಿ. ಮಂಗಳೂರು, ಕಾರವಾರದವರು ಇದ್ದರೆ, ನಿಮಗೆ ಪ್ಯಾಕ್ ಜೊತೆ ತೇವ ಹೀರೋಕೆ ವಾಸನೆ ಇಲ್ಲದ ಸಿಲಿಕಾ ಕ್ಯಾಟ್ ಲಿಟರ್ (ಬೆಕ್ಕಿನ ಮಲದ ತಟ್ಟೆಗೆ ಹಾಕುವ ಹರಳು) ಕೂಡ ಸ್ವಲ್ಪ ಬೇಕಾಗಬಹುದು. ರಾಯಚೂರು, ಕಲಬುರಗಿಯವರು ಬೇಸಿಗೆಯಲ್ಲಿ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಇಡಿ, ಅಥವಾ ಸಣ್ಣ ವೈನ್ ಕೂಲರ್‌ಗೆ ದುಡ್ಡು ಹಾಕಿ.

ಬಿಳಿ ಪುಡಿ ಕಂಡರೆ "ಪ್ಲೂಮ್, ಒಳ್ಳೆಯ ಲಕ್ಷಣ" ಅಂತ ಖುಷಿಪಡಬೇಡಿ, ಹತ್ತಕ್ಕೆ ಒಂಬತ್ತು ಸಲ ಅದು ಬೂಸ್ಟು. ರ‍್ಯಾಪರ್ ಮೇಲೆ ಮಾತ್ರ ಇದ್ದರೆ ಒರೆಸಿ, ತೇವ ಇಳಿಸಿ. ಫುಟ್, ಅಂದರೆ ಹೊತ್ತಿಸುವ ತುದಿಯ ಒಳಗೆ ಹೋಗಿದ್ದರೆ ಆ ಸಿಗಾರ್ ಆಸೆ ಬಿಡಿ. ಸೆಲೋಫೇನ್ ತೆಗೆಯಬೇಕಾ ಅಂತಲೂ ಕೇಳಿದ್ದೀರಿ, ನನಗೆ ಇರಲಿ ಅನಿಸುತ್ತದೆ, ತೇವ ಅದರೊಳಗೂ ಹೋಗುತ್ತದೆ, ಹಳದಿ ತಿರುಗಿದ್ದು ನೋಡಿದರೆ ವಯಸ್ಸೂ ಗೊತ್ತಾಗುತ್ತದೆ. ಸೇದುವ ಹಿಂದಿನ ದಿನ ಒಂದನ್ನು ಹೊರತೆಗೆದು ಪ್ಯಾಕ್ ಇಲ್ಲದ ಖಾಲಿ ಸಿಗಾರ್ ಡಬ್ಬದಲ್ಲಿ ಇಡಿ, ಸ್ವಲ್ಪ ಒಣಗಲಿ. ಮಳೆ ಜೋರಾಗಿದ್ದ ದಿನ ಇದರಿಂದ ಉಪಯೋಗ ಇಲ್ಲ, ಉಲ್ಟಾ ಆಗುತ್ತದೆ.

ಇನ್ನೊಂದು. ನೀವು ಹಾಕಿದ ಮೂರನೇ ಫೋಟೊದಲ್ಲಿ ಹಸಿರು ಸೀಲ್‌ನ ಬಾರ್‌ಕೋಡ್ ಪೂರ್ತಿ ಕಾಣುತ್ತಿದೆ. ಅದನ್ನು ಕ್ಯೂಬನ್ ಸಿಗಾರ್ ಮಾರುವ ಹಬಾನೋಸ್ ಕಂಪನಿಯ ಸೈಟಿನಲ್ಲಿ ಹಾಕಿ ಅಸಲಿಯಾ ಅಂತ ನೋಡಿಕೊಳ್ಳಿ, ಆಮೇಲೆ ಆ ಫೋಟೊ ತೆಗೆದುಬಿಡಿ, ನಕಲಿ ಮಾಡುವವರು ಕದಿಯುವುದೇ ಆ ನಂಬರನ್ನು.