ಜೊಂಬಿಗಳ ದಾಳಿ ನಡೆದರೆ ಮುಂಬಯಿಯ ಚಾಳಿನಲ್ಲಿ ಯಾವ ಆಯುಧ ಉಪಯುಕ್ತ?

ಕಥೆಗಳಲ್ಲಿ ಬರುವಂತೆ ಜೊಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು, ಕಚ್ಚಿ ಸೋಂಕು ಹರಡುತ್ತವೆ, ಸದ್ದಿನತ್ತ ಧಾವಿಸುತ್ತವೆ ಮತ್ತು ಮಿದುಳಿಗೆ ಪೆಟ್ಟು ಬಿದ್ದರೆ ಮಾತ್ರ ಉರುಳುತ್ತವೆ ಎಂದು ಒಪ್ಪಿಕೊಂಡರೆ, ಪರೇಲ್ ಅಥವಾ ಗಿರ್‌ಗಾಂವ್‌ನ ಚಾಳಿನಲ್ಲಿ, ಅಂದರೆ ಸಾಲುಕೋಣೆಗಳ ಮಹಡಿ ವಠಾರದಲ್ಲಿ, ಇರುವ ಕನ್ನಡ ಕುಟುಂಬಕ್ಕೆ ನಾನು ಮೊದಲು ಸೂಚಿಸುವುದು ಆರಡಿಯ ಗಟ್ಟಿ ಬಿದಿರಿನ ಲಾಠಿಯನ್ನು. ಅದು ಹಲ್ಲುಗಳನ್ನು ದೂರದಲ್ಲಿಡುತ್ತದೆ, ಮದ್ದುಗುಂಡು ಬೇಡುವುದಿಲ್ಲ. ಆದರೆ ಚಾಳಿನ ಕಿರಿದಾದ ಪಡಸಾಲೆಯಲ್ಲಿ ಲಾಠಿ ಬೀಸಲು ಜಾಗವಿರುವುದಿಲ್ಲವಾದ್ದರಿಂದ, ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತು, ಏರಿ ಬರುವುದರ ಎದೆಗೆ ತಿವಿದು ಕೆಳಕ್ಕೆ ತಳ್ಳುವುದೇ ಅದರ ಸರಿಯಾದ ಬಳಕೆ. ಅದನ್ನೂ ದಾಟಿ ಬಂದದ್ದಕ್ಕೆ ಒಂದೂವರೆ ಕಿಲೋ ತೂಕದ ಸುತ್ತಿಗೆ ಸಾಕು.

ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಬಳಸುವ ಕೊಯ್ತಾ ಸುಲಭವಾಗಿ ಸಿಗುತ್ತದೆಂಬುದು ನಿಜವಾದರೂ, ಅದನ್ನು ಆರಿಸಿಕೊಳ್ಳಬಾರದೆಂದು ನಾನು ಒತ್ತಿ ಹೇಳುತ್ತೇನೆ. ಅಲಗು ತಲೆಬುರುಡೆಯಲ್ಲಿ ಸಿಕ್ಕಿಕೊಂಡರೆ ಕೈ ಬರಿದಾಗುತ್ತದೆ. ಸಿಡಿಯುವ ರಕ್ತ ಕಣ್ಣು ಬಾಯಿಗೆ ತಾಗುತ್ತದೆ. ಬಂದೂಕಿಗಂತೂ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಬೇಕು. ಜೊತೆಗೆ, ಸಾಮಾನ್ಯವಾಗಿ 140 ಡೆಸಿಬಲ್ ಮೀರುವ ಅದರ ಸದ್ದು, ದಟ್ಟ ಜನವಸತಿಯ ಮುಂಬಯಿಯಲ್ಲಿ ಇಡೀ ಗಲ್ಲಿಯ ಜೊಂಬಿಗಳನ್ನು ನಿಮ್ಮ ಬಾಗಿಲಿಗೇ ಕರೆಯುತ್ತದೆ.

ಆಯುಧದಷ್ಟೇ ಮುಖ್ಯವಾದದ್ದು ಮೈಗಾಪು. ರೇಬಿಸ್‌ನಂತೆ ಈ ಸೋಂಕೂ ಜೊಲ್ಲಿನ ಮೂಲಕ ಹರಡುವುದಾದರೆ, ಮುಖಗಾಜಿರುವ ಸ್ಕೂಟರ್ ಹೆಲ್ಮೆಟ್ಟನ್ನು ಧರಿಸಿ, ಮುಂಗೈಗಳಿಗೆ ದಪ್ಪ ಜೀನ್ಸ್ ಬಟ್ಟೆಯನ್ನು ಎರಡು ಮೂರು ಸುತ್ತು ಬಿಗಿದ ನಂತರವೇ ಲಾಠಿಯನ್ನು ಕೈಗೆತ್ತಿಕೊಳ್ಳಬೇಕು.