ಪಠ್ಯದ ಕತೆ, ನಾಳೆಯ ಕಸುಬು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅಸೈನ್‌ಮೆಂಟ್ ಕುರಿತವು. ಕನ್ನಡ ತರಗತಿಯಲ್ಲಿ ಓದಿದ ಒಂದು ಕೃತಿಯ ಆಶಯವನ್ನು, ಮುಂದೆ ತಾವು ಹಿಡಿಯುವ ಉದ್ಯೋಗದ ಜೊತೆ ಹೊಂದಿಸಿ ಪ್ರಬಂಧ ಬರೆಯಬೇಕಂತೆ. ಆಯ್ದ ಪ್ರಶ್ನೆಗಳು ಇಲ್ಲಿವೆ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ ಆರಿಸಿಕೊಂಡು ‘ಪ್ರಕೃತಿ ಮತ್ತು ಅರಣ್ಯ ಸಂರಕ್ಷಣೆ’ ಎಂದು ಬರೆದೆ. ‘ಇದರಲ್ಲಿ ಕಾದಂಬರಿಯೇ ಕಾಣುತ್ತಿಲ್ಲ’ ಎಂದು ಮೇಡಂ ಹಿಂದಿರುಗಿಸಿದರು. ಎಲ್ಲಿ ತಪ್ಪಿದೆ?

ಶೀರ್ಷಿಕೆಯಲ್ಲೇ ತಪ್ಪಿದೆ. ‘ಪ್ರಕೃತಿ’ ಎನ್ನುವುದು ವಿಷಯದ ಹೆಸರು, ಆಶಯವಲ್ಲ. ಆಶಯವಾಗಬೇಕಾದರೆ ಅದು ಕ್ರಿಯಾಪದ ಇರುವ ಪೂರ್ತಿ ವಾಕ್ಯವಾಗಬೇಕು, ಮತ್ತು ಆ ವಾಕ್ಯವನ್ನು ಯಾರಾದರೂ ಅಲ್ಲಗಳೆಯುವಂತಿರಬೇಕು. ‘ಕಾಡನ್ನು ಬಲ್ಲವನಿಗೆ ಊರಿನಲ್ಲಿ ಬೆಲೆ ಇಲ್ಲ, ಆ ಬೆಲೆಯನ್ನು ಗುರುತಿಸಲು ಹೊರಗಿನ ವಿಜ್ಞಾನಿಯೊಬ್ಬ ಬರಬೇಕಾಯಿತು’ ಎಂದು ಬರೆದು ನೋಡಿ. ಊರಿನವರು ಕೈಲಾಗದವನೆಂದುಕೊಂಡ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ಜೀವವಿಜ್ಞಾನಿಯನ್ನು ಕಾಣುತ್ತಾರಲ್ಲ, ಅಲ್ಲಿಂದ ಬಂದ ವಾಕ್ಯ ಅದು. ಈಗ ನಿಮ್ಮ ಕೈಯಲ್ಲಿ ಕಾದಂಬರಿ ಇದೆ.

ಮುಂದಿನ ಕೆಲಸಕ್ಕೆ ನೋಟ್‌ಬುಕ್ಕಿನ ಹಾಳೆಯನ್ನು ಮೂರು ಮಡಿಕೆ ಮಾಡಿ. ಮೊದಲ ಕಂಬದಲ್ಲಿ ಪುಟಸಂಖ್ಯೆ ಮತ್ತು ಅಲ್ಲಿ ನಡೆದದ್ದು, ನಿಮ್ಮದೇ ಮಾತಿನಲ್ಲಿ ಎರಡು ಸಾಲು. ಎರಡನೆಯದರಲ್ಲಿ ಅಲ್ಲಿ ಯಾರು ಏನನ್ನು ತೀರ್ಮಾನಿಸಿದರು, ಅದರ ನಷ್ಟ ಯಾರ ಪಾಲಿಗೆ ಬಂತು ಎಂಬುದು. ಮೂರನೆಯದರಲ್ಲಿ ಅದೇ ತೀರ್ಮಾನ ಅರಣ್ಯದ ಕೆಲಸದಲ್ಲಿ ಯಾರ ಮುಂದೆ, ಯಾವ ದಿನ ಬರುತ್ತದೆ ಎಂಬುದು. ಹತ್ತು ಸಾಲು ತುಂಬಿಸಿ. ಮೂರನೆಯ ಕಂಬ ನಾಲ್ಕೈದರಲ್ಲಿ ಖಾಲಿ ಉಳಿಯುತ್ತದೆ, ಉಳಿಯಲಿ. ಬಲವಂತವಾಗಿ ತುಂಬಿಸಿದವೇ ಆಮೇಲೆ ಭಾಷಣವಾಗುವುದು. ತುಂಬಿದವುಗಳಲ್ಲಿ ಎರಡನ್ನು ಮಾತ್ರ ಪ್ರಬಂಧಕ್ಕೆ ತೆಗೆದುಕೊಳ್ಳಿ.

ಮಂದಣ್ಣನ ಸಾಲಿಗೆ ನಿಮ್ಮ ವೃತ್ತಿಯಲ್ಲಿ ನೇರವಾದ ಜೋಡಿ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಜೇನು ಯಾವ ಮರದಲ್ಲಿ ಯಾವ ತಿಂಗಳು ಕಟ್ಟುತ್ತದೆ, ಯಾವ ಬೇರು ಯಾವ ನೋವಿಗೆ ಎಂದು ಹೇಳುವವರು ಜೇನುಕುರುಬರೋ ಕುಡಿಯರೋ, ಹೀಗೆ ಕಾಡಿನ ಬುಡಕಟ್ಟಿನವರು ಇರುತ್ತಾರೆ. ಬರೆದುಕೊಳ್ಳುವವರು ನಿಮ್ಮಂಥ ಪದವೀಧರರು. ಹೇಳಿದವರ ಹೆಸರು ಪುಸ್ತಕಕ್ಕೆ ಹೋಗುತ್ತದೆಯೇ, ಅವರ ಒಪ್ಪಿಗೆ ಕೇಳಲಾಯಿತೇ, ಬರೆದದ್ದನ್ನು ಅವರಿಗೆ ಓದಿ ಹೇಳಲಾಯಿತೇ? ಪ್ರಬಂಧಕ್ಕೆ ಈ ಮೂರು ಪ್ರಶ್ನೆ ಸಾಕು. ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಒಂದಕ್ಕೆ ಹೋಗಿ ಅದನ್ನು ನೋಡಿಕೊಳ್ಳುವವರ ಬಳಿ ಇವನ್ನೇ ಕೇಳಿ ಬನ್ನಿ.

ಕೊನೆಯ ಅಧ್ಯಾಯದ ಬಗ್ಗೆ ಒಂದು ಎಚ್ಚರಿಕೆ. ಕರ್ವಾಲೊ ತಂಡ ಹುಡುಕಿ ಹೊರಟ ಹಾರುವ ಓತಿ ಕೈಗೆ ಸಿಗದೆ ತೇಲಿಹೋಗುವುದನ್ನು ‘ಪ್ರಕೃತಿ ಮನುಷ್ಯನನ್ನು ಗೆದ್ದಿತು’ ಎಂದು ಮುಗಿಸಿಬಿಡುವವರೇ ಹೆಚ್ಚು. ನೀವು ಅರಣ್ಯದವರು, ಬೇರೆ ಪ್ರಶ್ನೆ ಕೇಳಬಹುದು: ಮಾದರಿ ಕೈಗೆ ಸಿಗದೆ, ಬರಿ ಕಣ್ಣಿಗೆ ಕಂಡದ್ದನ್ನು ದಾಖಲೆ ಮಾಡುವುದು ಹೇಗೆ, ಅದನ್ನು ಯಾರು ನಂಬುತ್ತಾರೆ?

ಗೋಣಿಕೊಪ್ಪಲಿನಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಲೆಕ್ಕಪತ್ರದ ಕೆಲಸಕ್ಕೆ ಹೋಗುವಾಸೆ. ನಮಗೆ ಕೊಟ್ಟಿರುವುದು ‘ಚೋಮನ ದುಡಿ’. ಜಾತಿ, ಬಡತನದ ಕಾದಂಬರಿಗೂ ಲೆಕ್ಕಕ್ಕೂ ಏನು ಸಂಬಂಧ?

ಆ ಕಾದಂಬರಿ ನಿಂತಿರುವುದೇ ಒಂದು ಲೆಕ್ಕದ ಮೇಲೆ. ಚೋಮನ ತಲೆಯ ಮೇಲೆ ಕಾಫಿ ತೋಟದ ಸಾಲವಿದೆ. ಅದನ್ನು ತೀರಿಸಲು ಮಕ್ಕಳು ಘಟ್ಟ ಹತ್ತುತ್ತಾರೆ. ಲೆಕ್ಕ ಇಡುವವನು ತೋಟದ ರೈಟರ್ ಮನ್ವೇಲ. ರೈಟರ್ ಅಂದರೆ ಯಾರೆಂದು ಕೊಡಗಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಚೋಮನ ಹೆಸರಿನಲ್ಲಿ ಒಂದು ಖಾತೆ ತೆರೆಯಿರಿ: ದಿನಾಂಕ, ಮುಂಗಡ, ದುಡಿದ ಕೂಲಿ, ಕಡಿತ, ಬಾಕಿ. ಕಾದಂಬರಿ ಓದುತ್ತ ತುಂಬಿಸುತ್ತ ಹೋಗಿ. ಹಲವು ಕಡೆ ‘ಚೋಮನಿಗೆ ಗೊತ್ತಿಲ್ಲ’ ಎಂದೇ ಬರೆಯಬೇಕಾಗುತ್ತದೆ, ಏಕೆಂದರೆ ಪುಸ್ತಕ ಇರುವುದು ಸಾಲ ಕೊಟ್ಟವನ ಬಳಿ. ‘ಬಾಕಿ ಎಷ್ಟೆಂದು ಓದಲಾಗದವನಿಗೆ ಸಾಲ ತೀರುವುದೇ ಇಲ್ಲ’ ಎಂಬ ಆಶಯ ನಿಮಗೆ ಸಿಗುವುದು ಆ ಖಾಲಿ ಜಾಗಗಳಿಂದ. ಇನ್ನು, ಸಾಲ ಹರಿದದ್ದು ಹೇಗೆಂದು ನೋಡಿ. ಮಗಳು ಬೆಳ್ಳಿಯ ಬಾಳಿಗೆ ತೋಟದಲ್ಲಿ ಆದದ್ದರ ಬಳಿಕ ಅದು ಹರಿಯುತ್ತದೆ. ಆ ಜಮೆಗೆ ನಿಮ್ಮ ಖಾತೆಯಲ್ಲಿ ಕಂಬವಿಲ್ಲ. ಲೆಕ್ಕ ಓದುವ ವಿದ್ಯಾರ್ಥಿಯ ಪ್ರಬಂಧ ಇಲ್ಲಿ ಎರಡು ಪುಟ ನಿಲ್ಲಬೇಕು, ಅವಸರ ಬೇಡ.

ಇವತ್ತಿನ ಕಡೆಗೆ ಬರುವಾಗ ಎರಡು ಹಳ್ಳಗಳಿವೆ. ಒಂದು, ‘ಈಗ ಎಲ್ಲ ಸರಿಹೋಗಿದೆ’ ಎನ್ನುವುದು. ಇನ್ನೊಂದು, ‘ಇಂದಿಗೂ ಹಾಗೇ ಇದೆ’ ಎನ್ನುವುದು. ಎರಡೂ ನೋಡದೆ ಆಡುವ ಮಾತು. 1951ರ ತೋಟ ಕಾರ್ಮಿಕರ ಕಾಯ್ದೆ ಬಂತು. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜೀತದ ಸಾಲವನ್ನೇ ಅಳಿಸಿಹಾಕಿತು. ಕಾದಂಬರಿ ಇವೆರಡಕ್ಕೂ ಹಿಂದಿನದು. ಹಾಗಾಗಿ ಪರಿಚಯದ ರೈಟರ್ ಒಬ್ಬರನ್ನು ಕಂಡು ಚೆಕ್ ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪುಸ್ತಕ) ಹೇಗಿರುತ್ತದೆಂದು ಕೇಳಿ. ಮುಂಗಡ ಕೊಟ್ಟಾಗ ಸಹಿಯೋ ಹೆಬ್ಬೆಟ್ಟೋ ಎಲ್ಲಿ ಬೀಳುತ್ತದೆ? ವಾರದ ಬಟವಾಡೆಯಲ್ಲಿ ಹಿಡಿದುಕೊಂಡದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಕಾರ್ಮಿಕರಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆಯೇ? ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿರುವವರ ಭಾಷೆಯಲ್ಲಿ ಹೇಳುತ್ತಾರೆಯೇ? ಉತ್ತರ ಏನೇ ಬಂದರೂ ಹಾಗೇ ಬರೆಯಿರಿ, ತೋಟದ ಹೆಸರು ಮಾತ್ರ ಬೇಡ.

ಮಡಿಕೇರಿಯಲ್ಲಿ ನರ್ಸಿಂಗ್ ಎರಡನೇ ವರ್ಷ. ತ್ರಿವೇಣಿಯವರ ‘ಶರಪಂಜರ’ ತೆಗೆದುಕೊಳ್ಳಬಹುದೇ?

ಧಾರಾಳವಾಗಿ. ಆದರೆ ಕಾದಂಬರಿ ಓದಿ ಬರೆಯಿರಿ. ಸಿನಿಮಾ ನೋಡಿ ಬರೆದದ್ದು ಮೊದಲ ಪ್ಯಾರಾದಲ್ಲೇ ಗೊತ್ತಾಗುತ್ತದೆ. ಹೆರಿಗೆಯ ನಂತರ ಕಾವೇರಿಗೆ ಮನಸ್ಸು ಕೆಟ್ಟದ್ದರ ಮೇಲೆಯೇ ಎಲ್ಲರ ಕಣ್ಣು. ನಿಮಗೆ ಬೇಕಾದದ್ದು ಆಸ್ಪತ್ರೆಯಿಂದ ಮನೆಗೆ ಬಂದಮೇಲಿನ ಭಾಗ. ಆಕೆ ಗುಣವಾಗಿದ್ದಾಳೆ, ಮನೆಯವರು ನಂಬುವುದಿಲ್ಲ. ಸಾಮಾನ್ಯ ಸಿಟ್ಟನ್ನೂ ಕಾಯಿಲೆ ಮರುಕಳಿಸಿದ್ದೆಂದೇ ಎಣಿಸುತ್ತಾರೆ. ಆ ಭಾಗದಲ್ಲಿ ಗಂಡ, ಬಂಧುಗಳು, ನೆರೆಯವರು ಆಡುವ ಮಾತುಗಳ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಳ್ಳಿ.

ಇದಕ್ಕೆ ಹೊಂದುವುದು ಡಿಸ್ಚಾರ್ಜ್ ದಿನದ ಮಾತುಕತೆ. ಮಾತ್ರೆಯ ಹೊತ್ತು, ಮುಂದಿನ ಭೇಟಿಯ ದಿನ, ರಾತ್ರಿ ನಿದ್ದೆ ತಪ್ಪುತ್ತಿದೆಯೇ ಎಂದು ಗಮನಿಸುವುದು, ತನಗೋ ಮಗುವಿಗೋ ಅಪಾಯವಾಗುವ ಮಾತು ಬಂದರೆ ಕಾಯದೆ ಕರೆತರುವುದು, ಇವನ್ನು ಮನೆಯವರಿಗೆ ಹೇಳುತ್ತೇವೆ. ಯಾವುದು ಲಕ್ಷಣವಲ್ಲ ಎಂದೂ ಹೇಳುತ್ತೇವೆಯೇ? ‘ಅವರಿಗೂ ಕೋಪ ಬರಬಹುದು, ಅದು ಕಾಯಿಲೆಯಲ್ಲ’ ಎನ್ನುವ ಒಂದು ಮಾತು ಕಾವೇರಿಯ ಮನೆಯವರಿಗೆ ಯಾರೂ ಹೇಳಿರಲಿಲ್ಲ ಎಂಬಲ್ಲಿಂದ ಪ್ರಬಂಧ ಬೆಳೆಯುತ್ತದೆ. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ. ಚಿಕಿತ್ಸೆಯೂ ಕಾನೂನೂ ಅಲ್ಲಿಂದ ಬಹಳ ಬದಲಾಗಿವೆ; ಹೋಲಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ರೋಗಿಯ ಹಕ್ಕುಗಳ ಅಧ್ಯಾಯವೊಂದನ್ನು ಓದಿಕೊಂಡರೆ ಸಾಕು.

ಸೇನೆಗೆ ಸೇರುವವನು ನಾನು. ‘ಗದಾಯುದ್ಧ’ದಲ್ಲಿ ವೀರರಸ ಬಿಟ್ಟು ಬರೆಯಲು ಏನಿದೆ? – ವಿರಾಜಪೇಟೆ

ವೀರರಸವನ್ನು ಬಿಟ್ಟರೇ ಬರೆಯಲು ಸಿಗುವುದು. ರನ್ನನ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆಯುತ್ತ ದ್ರೋಣ, ಅಭಿಮನ್ಯು, ಮಗ ಲಕ್ಷಣಕುಮಾರ, ದುಶ್ಶಾಸನ, ಕರ್ಣ ಬಿದ್ದ ಕಡೆಗಳಲ್ಲಿ ನಿಲ್ಲುತ್ತಾನೆ. ಅರಸನಾದವನು ತನ್ನ ಆಜ್ಞೆಯಿಂದ ಸತ್ತವರನ್ನು ಒಬ್ಬೊಬ್ಬರನ್ನಾಗಿ ನೋಡಬೇಕಾಗಿ ಬಂದ ಗಳಿಗೆ ಅದು. ಅಭಿಮನ್ಯು ಶತ್ರು ಪಾಳೆಯದ ಹುಡುಗ, ಅವನ ಸಾಹಸಕ್ಕೆ ದುರ್ಯೋಧನ ಕೈಮುಗಿಯುತ್ತಾನೆ. ಈ ಎರಡು ನಿಲುಗಡೆಗಳನ್ನು ಮಾತ್ರ ಹಿಡಿಯಿರಿ: ಶತ್ರುವಿನ ಶೌರ್ಯಕ್ಕೆ ಗೌರವ, ತನ್ನವರ ಸಾವಿನ ಹೊಣೆ. ಕಾರ್ಯಪ್ಪ, ತಿಮ್ಮಯ್ಯ ಅವರ ಹೆಸರು ತಂದು ಸೇರಿಸುವ ಆಸೆ ಬರುತ್ತದೆ. ಪ್ರತಿ ಪ್ರಬಂಧದಲ್ಲೂ ಅದಿರುತ್ತದೆ, ನೀವಾದರೂ ಬಿಡಿ.

ಸೇನಾಧಿಕಾರಿಗಳನ್ನು ಆರಿಸುವ ಎಸ್‌.ಎಸ್‌.ಬಿ. ಸಂದರ್ಶನಕ್ಕೆ ಇದು ಉಪಯೋಗವೇ ಎಂದೂ ಕೇಳಿದ್ದೀರಿ. ಅಲ್ಲಿನ ಚಿತ್ರ ನೋಡಿ ಕತೆ ಬರೆಯುವ ಪರೀಕ್ಷೆಯಲ್ಲಿ ಚಿತ್ರ ಕಾಣುವುದು 30 ಸೆಕೆಂಡು, ಬರೆಯಲು 4 ನಿಮಿಷ. ಮೊದಲು ಏನಾಯಿತು, ಈಗ ಏನು ಮಾಡುತ್ತಿದ್ದಾನೆ, ಮುಂದೇನು ಎಂಬ ಮೂರನ್ನೂ ಅಷ್ಟರಲ್ಲಿ ಮುಗಿಸಬೇಕು. ಕಾವ್ಯದ ಪ್ರತಿ ಸನ್ನಿವೇಶಕ್ಕೂ ಈ ಮೂರನ್ನು ಒಂದೊಂದು ವಾಕ್ಯದಲ್ಲಿ ಬರೆದು ರೂಢಿಸಿಕೊಳ್ಳಿ. ಬಾಯಿಪಾಠ ಮಾಡಿದ ಕತೆಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ.

ಡಿಗ್ರಿ ಮುಗಿಸಿ ಮನೆಯ ತೋಟ ನೋಡಿಕೊಳ್ಳುತ್ತೇನೆ. ಅದನ್ನು ‘ವೃತ್ತಿ’ ಎಂದು ಬರೆಯಬಹುದೇ? ಸ್ನೇಹಿತರು ನಗುತ್ತಾರೆ. – ಸೋಮವಾರಪೇಟೆ

ನಗಲಿ. ಕಾರಂತರ ‘ಬೆಟ್ಟದ ಜೀವ’ ತೆಗೆದುಕೊಳ್ಳಿ. ಕುಮಾರಪರ್ವತದ ಆ ಮಗ್ಗುಲಿನ ಕತೆ, ಈ ಮಗ್ಗುಲು ನಿಮ್ಮದು. ಮಗ ಮನೆ ಬಿಟ್ಟುಹೋಗಿದ್ದಾನೆ, ಗೋಪಾಲಯ್ಯನಿಗೆ ಇಳಿವಯಸ್ಸಿನಲ್ಲೂ ತೋಟದ ಹುಚ್ಚು ಇಳಿದಿಲ್ಲ. ಯಾರಿಗಾಗಿ ನೆಡುವುದು? ಕಾಫಿ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದಾರು ವರ್ಷವಾದರೂ ಬೇಕು. ನಿಮ್ಮ ಮನೆಯ ತೋಟದಲ್ಲಿ ಅಜ್ಜ ನೆಟ್ಟದ್ದು, ಅಪ್ಪ ನೆಟ್ಟದ್ದು ಯಾವುವು ಎಂದು ಒಂದು ನಕ್ಷೆ ಮಾಡಿ ಪ್ರಬಂಧಕ್ಕೆ ಅಂಟಿಸಿ. ಮರಗಸಿ ಮಾಡಿಸುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರಿಸುವಾಗ, ಯಾವ ಕೊಂಬೆ ಉಳಿಸಬೇಕೆಂಬ ತೀರ್ಮಾನ ಯಾರದು ಎಂದೂ ಬರೆಯಿರಿ.

ಸಿವಿಲ್ ಇಂಜಿನಿಯರಿಂಗ್. ಬಸವಣ್ಣನವರ ‘ಉಳ್ಳವರು ಶಿವಾಲಯವ ಮಾಡುವರು’ ವಚನವನ್ನು ಕಟ್ಟಡದ ಬಾಳಿಕೆಗೆ ಹೊಂದಿಸಿದ್ದೇನೆ. ಸರಿಯೇ?

ಸರಿಯಲ್ಲ. ಕಂಬ, ದೇಗುಲ, ಕಳಸ ಎಂಬ ಪದಗಳು ಕಂಡ ಕೂಡಲೇ ಕಾಂಕ್ರೀಟಿಗೆ ಹಾರಿದ್ದೀರಿ. ಅಲ್ಲಿ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸ. ಕಟ್ಟಿಸಲು ಹಣವಿಲ್ಲದವನು ಮಾತಾಡುತ್ತಿದ್ದಾನೆ. ನಿಮ್ಮ ವೃತ್ತಿಗೆ ಅದು ಕೇಳುವ ಪ್ರಶ್ನೆ: ಸಾರ್ವಜನಿಕ ಕಟ್ಟಡ ಯಾರ ದೇಹವನ್ನು ಲೆಕ್ಕಕ್ಕೆ ಹಿಡಿದು ಕಟ್ಟಲಾಗುತ್ತದೆ? ಊರಿನ ಕಚೇರಿಯೊಂದರ ಮೆಟ್ಟಿಲು ಎಣಿಸಿ, ಇಳಿಜಾರು ಹಾದಿ ಇದೆಯೇ ನೋಡಿ, ಇದ್ದರೆ ಅಳೆಯಿರಿ. 12 ಅಡಿ ಉದ್ದಕ್ಕೆ 1 ಅಡಿಗಿಂತ ಕಡಿದಾಗಿದ್ದರೆ ಗಾಲಿಕುರ್ಚಿಯವರು ತಾವೇ ಹತ್ತುವುದು ಕಷ್ಟ.

ಸಾವಿರ ಪದದ ಮಿತಿ ಇದೆ. ಹೇಗೆ ಹಂಚಿಕೊಳ್ಳಬೇಕು?

ಕೃತಿಗೆ 500, ವೃತ್ತಿಗೆ 300, ಎರಡೂ ಹೊಂದದ ಕಡೆಗೆ 150, ಪೀಠಿಕೆಗೆ 50. ಹೊಂದದ ಕಡೆಯನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಮೌಲ್ಯಮಾಪಕರು ಮೊದಲು ಹುಡುಕುವುದು ಅದನ್ನೇ. ಲೇಖಕರ ಜನನ, ಪ್ರಶಸ್ತಿಗಳಿಗೆ ಒಂದು ಪದವೂ ಬೇಡ.

ಪ್ರವಾಸೋದ್ಯಮ ಓದುತ್ತಿದ್ದೇನೆ, ಮುಂದೆ ಹೋಂಸ್ಟೇ ನಡೆಸುವ ಯೋಚನೆ. ಕನ್ನಡ ಕೃತಿಯ ಬದಲು ‘ಪಟ್ಟೋಲೆ ಪಳಮೆ’ಯ ಹಾಡು ಬಳಸಬಹುದೇ? – ಮಡಿಕೇರಿ

ಮೊದಲು ನಿಮ್ಮ ಅಧ್ಯಾಪಕರ ಒಪ್ಪಿಗೆ ಪಡೆಯಿರಿ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವ ಜನಪದ ಹಾಡುಗಳನ್ನು ಸಂಗ್ರಹಿಸಿದ ಆ ಪುಸ್ತಕ 1924ರದು, ಭಾಷೆ ಕೊಡವ ತಕ್ಕ್ ಆದರೂ ಕನ್ನಡ ಲಿಪಿಯಲ್ಲಿದೆ. ಹಾಡಿನ ಸಾಲನ್ನು ಬರೆದು, ಕೆಳಗೆ ಕನ್ನಡದ ಅರ್ಥ ಬರೆಯಿರಿ. ಮನೆಯ ಹಿರಿಯರಿಗೆ ಒಮ್ಮೆ ಓದಿ ತಿದ್ದಿಸಿಕೊಳ್ಳಿ, ಹಳೆಯ ಪದಗಳಲ್ಲಿ ಎಡವುವುದು ಸುಲಭ. ಪ್ರತಿ ಹಾಡಿನ ಪಕ್ಕದಲ್ಲಿ ಅದನ್ನು ಹಾಡುವ ಸಂದರ್ಭವನ್ನು ಗುರುತಿಸಲೇಬೇಕು: ಪುತ್ತರಿಯದೇ (ಸುಗ್ಗಿ ಹಬ್ಬ), ಮದುವೆಯದೇ, ಸಾವಿನ ಮನೆಯದೇ. ನಿಮ್ಮ ವೃತ್ತಿಯ ಪ್ರಶ್ನೆ ಆ ಗುರುತಿನಲ್ಲೇ ಇದೆ. ಬಂದ ಅತಿಥಿಗಳು ಕ್ಯಾಂಪ್‌ಫೈರ್ ಮುಂದೆ ಕೂತು ‘ನಿಮ್ಮ ದುಡಿ ಪಾಟ್ (ದುಡಿ ಬಾರಿಸುತ್ತ ಹಾಡುವ ಹಾಡು) ಒಂದು ಆಗಲಿ’ ಎಂದಾಗ ಯಾವುದನ್ನು ಹಾಡಿಸಬಹುದು, ಯಾವುದನ್ನು ಕೂಡದು, ಕೂಡದೆಂಬುದನ್ನು ಅವರ ಮನಸ್ಸು ನೋಯದಂತೆ ಹೇಗೆ ಹೇಳುತ್ತೀರಿ? ಹೇಳುವ ಆ ನಾಲ್ಕು ವಾಕ್ಯಗಳನ್ನು ಪ್ರಬಂಧದಲ್ಲೇ ಬರೆದು ತೋರಿಸಿ.