ಕಡಲತೀರದ ರೆಸಾರ್ಟಿಗೆ ಹೋದಾಗ ಖರ್ಚಿಲ್ಲದೆ ಏನೇನು ನೋಡಬಹುದು?

ಇಬ್ಬರು ಮಕ್ಕಳೊಂದಿಗೆ ನಾಲ್ಕು ದಿನ ಕಡಲತೀರದ ರೆಸಾರ್ಟೊಂದರಲ್ಲಿ ತಂಗಲಿದ್ದೇವೆ, ಕೋಣೆಯ ಬಾಡಿಗೆಗೇ ಹಣ ಸರಿಹೋಗುತ್ತದೆ, ದೋಣಿವಿಹಾರ, ಅಕ್ವೇರಿಯಂಗಳಿಗೆ ಟಿಕೆಟ್ ಕೊಳ್ಳದೆ ಅಲ್ಲಿನ ಪ್ರಾಣಿಪಕ್ಷಿಗಳನ್ನು ನೋಡಲು ಸಾಧ್ಯವೇ ಎಂದು ನೀವು ಕೇಳಿದ್ದೀರಿ. ಖಂಡಿತ ಸಾಧ್ಯ. ಆದರೆ ಅದಕ್ಕಾಗಿ ನಿಮ್ಮ ದಿನಚರಿಯನ್ನು ಊಟ, ನಿದ್ದೆಯ ವೇಳೆಗಿಂತ ಹೆಚ್ಚಾಗಿ ಕಡಲಿನ ಉಬ್ಬರ ಇಳಿತಗಳಿಗೆ ಹೊಂದಿಸಿಕೊಳ್ಳಬೇಕಾಗುತ್ತದೆ.

ನನಗೆ ಇದು ತಿಳಿದದ್ದು ತಡವಾಗಿ. ಮೊದಲ ಸಲ ಇಂಥ ಕಡೆ ಹೋದಾಗ, ಪ್ರತಿದಿನವೂ ಉಬ್ಬರದ ಹೊತ್ತಿಗೇ ಬಂಡೆಗಳ ಬಳಿ ನಿಂತು, ಅಲೆಗಳ ಹೊರತು ಇಲ್ಲಿ ನೋಡುವಂಥದ್ದೇನೂ ಇಲ್ಲವೆಂದು ತೀರ್ಮಾನಿಸಿ ಮರಳಿದ್ದೆ. ಮುಂದಿನ ವರ್ಷ ನೀರು ಸರಿದ ಮೇಲೆ ಅದೇ ಬಂಡೆಗಳ ಮೇಲೆ ನಡೆದಾಗ, ಯಾವ ಜೀವಿಯನ್ನೂ ತುಳಿಯದಂತೆ ಪಾದವೂರಲು ಜಾಗ ಹುಡುಕಬೇಕಾಯಿತು.

ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುತ್ತದೆ. ಆದ್ದರಿಂದ ಇಳಿತದ ಸಮಯ ದಿನದಿಂದ ದಿನಕ್ಕೆ ಸರಿಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ನೀರು ಉಳಿದ ದಿನಗಳಿಗಿಂತ ಬಹಳ ಕೆಳಗೆ ಇಳಿಯುತ್ತದೆ, ಅಷ್ಟಮಿಯ ಸುಮಾರಿಗೆ ಈ ವ್ಯತ್ಯಾಸ ಕುಗ್ಗುತ್ತದೆ. ಪ್ರವಾಸದ ದಿನಾಂಕವನ್ನು ಬದಲಿಸಲು ಇನ್ನೂ ಅವಕಾಶವಿದ್ದರೆ, ಹವಾಮಾನಕ್ಕಿಂತ ಮೊದಲು ಪಂಚಾಂಗವನ್ನು ನೋಡಿ ಎಂಬುದು ನನ್ನ ಸಲಹೆ. ಆಯಾ ತೀರದ ಉಬ್ಬರ ಇಳಿತದ ವೇಳಾಪಟ್ಟಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ನೀರು ಅತಿ ಕೆಳಗಿಳಿಯುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ, ಇಳಿಯುತ್ತಿರುವ ನೀರನ್ನು ಹಿಂಬಾಲಿಸುತ್ತ ಮುಂದೆ ನಡೆಯಿರಿ. ನೀರು ತಿರುಗಿ ಏರತೊಡಗಿದ ಕೂಡಲೇ ಹಿಂದಿರುಗಿ. ಮಕ್ಕಳು ಜೊತೆಯಲ್ಲಿರುವಾಗ ಕಡಲಿಗೆ ಬೆನ್ನು ತಿರುಗಿಸಿ ನಿಲ್ಲಬೇಡಿ. ಹಸಿರು ಪಾಚಿ ಕಟ್ಟಿದ ಬಂಡೆಯ ಮೇಲೆ ಹೆಜ್ಜೆಯಿಡಲೇಬೇಡಿ.

ಬಂಡೆಗಳ ನಡುವೆ ನೀರು ನಿಂತ ಗುಂಡಿಗಳೇ ನಿಮಗೆ ಅಕ್ವೇರಿಯಂ. ಅವುಗಳ ಪಕ್ಕದಲ್ಲಿ ನೆರಳು ಬೀಳದಂತೆ ಕುಳಿತು ಐದು ನಿಮಿಷ ಅಲುಗಾಡದೆ ಕಾಯಬೇಕು, ಏಕೆಂದರೆ ಅಡಗಿಕೊಂಡ ಪುಟ್ಟ ಮೀನು, ಸೀಗಡಿ, ಏಡಿಗಳು ಆ ಮೇಲಷ್ಟೇ ಹೊರಬರುತ್ತವೆ. ನೀರಿನೊಳಗೆ ಹೂವಿನಂತೆ ಅರಳಿರುವ ಕಡಲ ಅನಿಮೋನ್ ಸಸ್ಯವಲ್ಲ, ಬೇಟೆಯಾಡುವ ಪ್ರಾಣಿ. ನೀರು ಬತ್ತಿದ ಕಡೆ ಅದೇ ಜೀವಿ ತನ್ನ ಎಸಳುಗಳನ್ನು ಒಳಗೆಳೆದುಕೊಂಡು ಲೋಳೆಯ ಉಂಡೆಯಂತೆ ಕಾಣುತ್ತದೆ. ಸನ್ಯಾಸಿ ಏಡಿಯ ಹೊಟ್ಟೆಯ ಭಾಗ ಮೆತ್ತಗಿರುವುದರಿಂದ ಅದು ಸತ್ತ ಶಂಖದ ಹುಳುವಿನ ಚಿಪ್ಪಿನಲ್ಲಿ ಸೇರಿಕೊಂಡು, ಬೆಳೆದಂತೆಲ್ಲ ದೊಡ್ಡ ಚಿಪ್ಪಿಗೆ ಮನೆ ಬದಲಿಸುತ್ತದೆ. ನಾವು ನೆನಪಿಗೆಂದು ಹೆಕ್ಕಿ ತರುವ ಚೆಂದದ ಖಾಲಿ ಶಂಖ ಅದರ ಮುಂದಿನ ಮನೆಯಾಗಿರಬಹುದು, ಆದ್ದರಿಂದ ಫೋಟೋ ತೆಗೆದು ಅಲ್ಲೇ ಬಿಟ್ಟುಬನ್ನಿ. ಕಲ್ಲನ್ನು ಎತ್ತಿ ನೋಡಿದರೆ ಮೊದಲಿದ್ದಂತೆಯೇ ಇಡಿ. ಮಗುಚಿ ಬಿಟ್ಟರೆ ಅದರಡಿ ನೆರಳಲ್ಲಿ ಬದುಕುವ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಉಷ್ಣವಲಯದ ಕಡಲಾದರೆ ಶಂಕುವಿನಾಕಾರದ ಜೀವಂತ ಚಿಪ್ಪುಗಳನ್ನು ಮುಟ್ಟದಂತೆ ಮಕ್ಕಳಿಗೆ ಮೊದಲೇ ಹೇಳಿಡಿ, ಕೋನ್ ಸ್ನೇಲ್ ಎಂಬ ಆ ಬಸವನಹುಳುಗಳಲ್ಲಿ ಕೆಲವದರ ವಿಷ ಮನುಷ್ಯರನ್ನು ಕೊಲ್ಲಬಲ್ಲದು. ದಡಕ್ಕೆ ಬಿದ್ದು ಸತ್ತಂತೆ ಕಾಣುವ ಲೋಳೆಮೀನೂ ಚುಚ್ಚುತ್ತದೆ.

ಪಕ್ಷಿಗಳಿಗಾಗಿ ನದಿ ಕಡಲನ್ನು ಸೇರುವ ಅಳಿವೆಯ ಕಡೆ ಹೋಗಬೇಕು, ಕೆಸರಿನಲ್ಲಿ ಹುಳುಗಳೂ ಕಪ್ಪೆಚಿಪ್ಪುಗಳೂ ಹೇರಳವಾಗಿರುವುದು ಅಲ್ಲಿಯೇ. ಇಲ್ಲಿ ಲೆಕ್ಕ ತಿರುಗುಮುರುಗು: ಪೂರ್ತಿ ಇಳಿತದಲ್ಲಿ ಹಕ್ಕಿಗಳು ದೂರದ ಕೆಸರಿನಲ್ಲಿ ಚುಕ್ಕೆಗಳಂತೆ ಚದುರಿರುತ್ತವೆ, ನೀರು ಏರತೊಡಗಿದಾಗ ಅದೇ ಅವುಗಳನ್ನು ನಿಮ್ಮತ್ತ ತಳ್ಳಿಕೊಂಡು ಬರುತ್ತದೆ. ನೀರು ಮುಟ್ಟದ ಎತ್ತರದ ಜಾಗದಲ್ಲಿ ಒಂದು ಕಡೆ ಕುಳಿತರಾಯಿತು. ಗಿಡ್ಡ ಕೊಕ್ಕಿನವು ಮೇಲ್ಮೈಯಲ್ಲಿ ಹೆಕ್ಕುವುದನ್ನೂ, ಉದ್ದ ಕೊಕ್ಕಿನ ಗೊರವಗಳು ಅದೇ ಕೆಸರಿನ ಆಳಕ್ಕೆ ಚುಚ್ಚುವುದನ್ನೂ ಬರಿಗಣ್ಣಿನಿಂದಲೇ ಗುರುತಿಸಬಹುದು. ಆದರೆ ಮಕ್ಕಳು ಹಿಂಡಿನತ್ತ ಓಡಿ ಹಕ್ಕಿಗಳನ್ನು ಹಾರಿಸುವುದನ್ನು ದಯವಿಟ್ಟು ತಡೆಯಿರಿ. ಅವುಗಳಲ್ಲಿ ಅನೇಕವು ಖಂಡಾಂತರ ವಲಸಿಗರು. ಬಾರ್ ಟೇಲ್ಡ್ ಗಾಡ್ವಿಟ್ ಜಾತಿಯ ಒಂದು ಮರಿಹಕ್ಕಿ 2022ರಲ್ಲಿ ಅಲಾಸ್ಕಾದಿಂದ ಟಾಸ್ಮೇನಿಯಾದವರೆಗೆ ಸುಮಾರು 13,560 ಕಿಲೋಮೀಟರ್ ದೂರವನ್ನು 11 ದಿನಗಳಲ್ಲಿ ಎಲ್ಲಿಯೂ ಇಳಿಯದೆ ಹಾರಿದ್ದು ದಾಖಲಾಗಿದೆ. ಅಂಥ ಪಯಣಕ್ಕೆ ಬೇಕಾದ ಕೊಬ್ಬನ್ನು ಅವು ಕೂಡಿಸಿಕೊಳ್ಳುವುದು ಇಂಥ ಕೆಸರಿನಲ್ಲಿ, ನೀರು ಇಳಿದಿರುವ ಕೆಲವೇ ಗಂಟೆಗಳಲ್ಲಿ.

ಬರಿ ಮರಳೇ ಇರುವ ತೀರವಾದರೆ ನಸುಕಿನಲ್ಲಿ, ಇತರರ ಹೆಜ್ಜೆಗಳು ಮೂಡುವ ಮುನ್ನ ಹೋಗಿ ಏಡಿಗಳ ಬಿಲ, ರಾತ್ರಿಯ ಜಾಡುಗಳನ್ನು ಹುಡುಕಿ. ಚಂದ್ರನಿಲ್ಲದ ರಾತ್ರಿಗಳಲ್ಲಿ ಕೆಲವೆಡೆ ಸೂಕ್ಷ್ಮಜೀವಿಗಳಿಂದ ಅಲೆಯ ಅಂಚು ನೀಲಿಯಾಗಿ ಮಿನುಗುತ್ತದೆ, ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಕೊಡಿ. ಕಡಲಾಮೆ ಮೊಟ್ಟೆಯಿಡುವ ತೀರವಾಗಿದ್ದರೆ ಟಾರ್ಚ್ ಹಿಡಿದು ತಿರುಗಬೇಡಿ, ಕೋಣೆಯ ಕಡಲಿನತ್ತಣ ದೀಪವನ್ನೂ ಆರಿಸಿ. ಮೊಟ್ಟೆಯೊಡೆದ ಮರಿಗಳು ಹೆಚ್ಚು ಬೆಳಕಿರುವ ದಿಗಂತದ ಕಡೆಗೇ ಸಾಗುತ್ತವೆ. ದೀಪಗಳು ಕಡಲಿಗಿಂತ ಪ್ರಖರವಾಗಿದ್ದರೆ ಅವು ದಾರಿ ತಪ್ಪಿ ಕಟ್ಟಡಗಳತ್ತ ಬಂದು ಸಾಯುತ್ತವೆ.

ತೀರದಲ್ಲಿ ತಿರುಗಾಡಲು ರೆಸಾರ್ಟಿನವರ ಅನುಮತಿ ಬೇಕೇ ಎಂಬ ನಿಮ್ಮ ಅನುಮಾನಕ್ಕೂ ಉತ್ತರಿಸುತ್ತೇನೆ. ಗಾಳಿ, ಹರಿಯುವ ನೀರು, ಕಡಲು ಮತ್ತು ಕಡಲತೀರ ಎಲ್ಲರಿಗೂ ಸೇರಿದವು ಎಂದು ರೋಮನ್ ಸಾಮ್ರಾಟ ಜಸ್ಟಿನಿಯನ್ನನ ಕಾನೂನು 533ರಲ್ಲೇ ಸಾರಿತ್ತು. ಇಂದಿಗೂ ಅನೇಕ ದೇಶಗಳಲ್ಲಿ ಉಬ್ಬರದ ಗೆರೆಯಿಂದ ಕೆಳಗಿನ ತೀರ ಸಾರ್ವಜನಿಕರದ್ದೇ. ಸಂರಕ್ಷಿತ ವಲಯಗಳ ಫಲಕಗಳನ್ನು ಮಾತ್ರ ಓದಿ ಪಾಲಿಸಿ.

ನಿಮ್ಮ ನಾಲ್ಕು ದಿನಗಳ ಲೆಕ್ಕ ಹೀಗಾಗುತ್ತದೆ: ಮೊದಲ ದಿನ ಇಳಿತ ಬೆಳಗಿನ 6.30ಕ್ಕಿದ್ದರೆ ನಾಲ್ಕನೆಯ ದಿನ ಅದು ಸುಮಾರು 9 ಗಂಟೆಗೆ ಬರುತ್ತದೆ. ಮಕ್ಕಳು ಬೇಗ ಏಳದಿದ್ದರೆ ಮೊದಲ ದಿನ ಅವರನ್ನು ಎಬ್ಬಿಸದೆ, ಬಂಡೆಗಳ ಕಡೆಗಿನ ನಡಿಗೆಯನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.